ಮೂರು ಇಂಜಿನ್‌ಗೆ ಒಂದೇ ಬಕೆಟ್ ಆಯಿಲ್ ಸಾಕಾ?

ಓದುಗರ ಪ್ರಶ್ನೆ:

ಸರ್, ನಮಸ್ಕಾರ. ನಮ್ಮದು ಹೊಸನಗರ ತಾಲ್ಲೂಕಿನ ಒಳಗಿನ ಹಳ್ಳಿ. ಮೂರು ಎಕರೆ ಅಡಿಕೆ ತೋಟ, ಸ್ವಲ್ಪ ಗದ್ದೆ ಇದೆ. ಮನೆಯಲ್ಲಿ ಮೂರು ಡೀಸೆಲ್ ಇಂಜಿನ್ ಇವೆ: 2021ರ ಬಿಎಸ್ 6 (ಹೊಗೆ ನಿಯಮದ ಹೊಸ ಹಂತ) ಪಿಕಪ್, 2004ರ ಟ್ರ್ಯಾಕ್ಟರ್, ಅಪ್ಪನ ಕಾಲದ ಪವರ್ ಟಿಲ್ಲರ್. ಬೇರೆ ಬೇರೆ ಡಬ್ಬಿ ತರುವುದು ರಗಳೆ ಅಂತ ಹೋದ ವರ್ಷ 20 ಲೀಟರಿನ ಒಂದೇ ಬಕೆಟ್ ಇಂಜಿನ್ ಆಯಿಲ್ ತಂದೆ. ಅದರ ಮೇಲೆ 15ಡಬ್ಲ್ಯೂ-40, ಸಿಐ-4 ಅಂತ ಇದೆ. ಮೂರಕ್ಕೂ ಅದನ್ನೇ ಹಾಕಿದ್ದೇನೆ. ಈಗ ಪಿಕಪ್‌ನಲ್ಲಿ ಒಂದು ವಿಚಿತ್ರ ನಡೆದಿದೆ. ಆಯಿಲ್ ಕಮ್ಮಿಯಾಗುವ ಬದಲು ಜಾಸ್ತಿಯಾಗುತ್ತಿದೆ! ಗೇಜ್ ಕಡ್ಡಿಯಲ್ಲಿ ಮೇಲಿನ ಗುರುತಿಗಿಂತ ಅರ್ಧ ಬೆರಳು ಮೇಲೆ ಬಂದಿದೆ. ಹಾಕಿ ನಾಲ್ಕು ಸಾವಿರ ಕಿಲೋಮೀಟರ್ ಆಗಿಲ್ಲ, ಆಗಲೇ ಮಸಿಯಂತೆ ಕಪ್ಪಾಗಿದೆ. ಡ್ಯಾಶ್‌ಬೋರ್ಡಿನಲ್ಲಿ ಡಿಪಿಎಫ್ ಲೈಟ್ ಆಗಾಗ ಹತ್ತುತ್ತದೆ. ಗಾಡಿ ಹೆಚ್ಚಾಗಿ ಬೆಳಿಗ್ಗೆ ಸಂಜೆ ಡೇರಿಗೆ ಹಾಲು ಹಾಕಲು ಹೋಗುತ್ತದೆ, ಮೂರು ಕಿಲೋಮೀಟರ್. ತಿಂಗಳಿಗೊಮ್ಮೆ ಶಿವಮೊಗ್ಗ, ಅಪರೂಪಕ್ಕೆ ಹುಲಿಕಲ್ ಘಾಟಿ ಇಳಿದು ಕುಂದಾಪುರ. ಊರಿನ ಮೆಕ್ಯಾನಿಕ್ "ಘಾಟಿ ಗಾಡಿಗೆ ತೆಳು ಆಯಿಲ್ ತಡೆಯಲ್ಲ, 20ಡಬ್ಲ್ಯೂ-50 ಹಾಕಿ" ಅನ್ನುತ್ತಾರೆ. ಪಕ್ಕದ ಮನೆಯವರು ಚಳಿಗಾಲದಲ್ಲಿ ಡೀಸೆಲ್‌ಗೆ ಸೀಮೆಎಣ್ಣೆ ಬೆರೆಸುತ್ತಾರೆ. ಹಳೇ ಟ್ರ್ಯಾಕ್ಟರ್‌ಗೆ ಈಗಿನ ಡೀಸೆಲ್ ಒಣ, ಟೂ-ಸ್ಟ್ರೋಕ್ ಇಂಜಿನ್ನಿನ 2ಟಿ ಆಯಿಲ್ ಸೇರಿಸಿ ಅಂತಲೂ ಹೇಳಿದರು. ಇನ್ನೊಂದು ವಿಷಯ. ಮಳೆಗಾಲದಲ್ಲಿ ಮರ ಬಿದ್ದು ರಸ್ತೆ ಬಂದ್ ಆಗುತ್ತದೆಂದು ಡ್ರಮ್ಮಿನಲ್ಲಿ ಡೀಸೆಲ್ ಇಟ್ಟುಕೊಳ್ಳುತ್ತೇವೆ. ಈ ಸಲ ತಳದಲ್ಲಿ ಕಪ್ಪು ಲೋಳೆ ಬಂದಿದೆ. ಮೂರಕ್ಕೂ ಸರಿಹೋಗುವ ಒಂದು ಆಯಿಲ್, ಒಂದು ಪದ್ಧತಿ ಹೇಳಿ.

ಉತ್ತರ:

ನೀವು ಕೇಳಿದ್ದು ಬಕೆಟ್ ಬಗ್ಗೆ. ಅದಕ್ಕೆ ಆಮೇಲೆ ಬರುತ್ತೇನೆ. ಮೊದಲು ಪಿಕಪ್ ನಿಲ್ಲಿಸಿ. ನಾಳೆ ಬೆಳಿಗ್ಗೆ ಹಾಲನ್ನು ಬೈಕಿನಲ್ಲಿ ಕಳಿಸಿ.

ಇಂಜಿನ್ ಆಯಿಲ್ ತಾನಾಗಿ ಹುಟ್ಟುವುದಿಲ್ಲ. ಮಟ್ಟ ಏರಿದೆ ಅಂದರೆ ಒಳಗೆ ಬೇರೇನೋ ಸೇರಿದೆ. ಒಂದೋ ಡೀಸೆಲ್, ಇಲ್ಲವೇ ಕೂಲಂಟ್ ನೀರು. ಕಂಡುಹಿಡಿಯುವುದು ಕಷ್ಟವಲ್ಲ. ಗೇಜ್ ಕಡ್ಡಿ ತೆಗೆದು ಮೂಸಿ ನೋಡಿ. ಡೀಸೆಲ್ ವಾಸನೆ ಢಾಳಾಗಿ ಹೊಡೆಯುತ್ತದೆಯೇ? ಒಂದು ಹನಿಯನ್ನು ಹಳೇ ಪೇಪರ್ ಮೇಲೆ ಬಿಡಿ. ನಡುವೆ ಕಪ್ಪು ಕಲೆ ನಿಂತು, ಸುತ್ತ ತೆಳುವಾದ ಎಣ್ಣೆ ಉಂಗುರ ಅಗಲವಾಗಿ ಹರಡಿದರೆ ಡೀಸೆಲ್ ಸೇರಿರುವ ಅನುಮಾನ ಗಟ್ಟಿಯಾಗುತ್ತದೆ. ಕೂಲಂಟ್ ಆದರೆ ಆಯಿಲ್ ಹಾಲು ಹಾಕಿದ ಕಾಫಿಯ ಬಣ್ಣಕ್ಕೆ ತಿರುಗುತ್ತದೆ, ರೇಡಿಯೇಟರ್ ಡಬ್ಬಿಯಲ್ಲಿ ನೀರು ಇಳಿಯುತ್ತದೆ. ನಿಮ್ಮದು ಕಪ್ಪಾಗಿದೆ ಅಂದಿದ್ದೀರಿ, ಡಿಪಿಎಫ್ ಲೈಟ್ ಬೇರೆ ಬರುತ್ತಿದೆ, ಗಾಡಿಯ ಓಡಾಟ ಮೂರು ಕಿಲೋಮೀಟರ್. ನನ್ನ ಅಂದಾಜಿನಲ್ಲಿ ಇದು ಡೀಸೆಲ್ಲೇ.

ಅದು ಅಲ್ಲಿಗೆ ಹೋಗುವುದು ಹೀಗೆ. ಬಿಎಸ್ 6 ಗಾಡಿಯ ಸೈಲೆನ್ಸರ್ ದಾರಿಯಲ್ಲಿ ಜೇನುಗೂಡಿನಂಥ ಒಂದು ಜರಡಿ ಇದೆ. ಅದೇ ಡಿಪಿಎಫ್. ಹೊಗೆಯ ಮಸಿಯನ್ನೆಲ್ಲ ಅದು ಹಿಡಿದಿಟ್ಟುಕೊಳ್ಳುತ್ತದೆ. ಅಡಿಗೆ ಮನೆಯ ಹೊಗೆಗೂಡಿನಲ್ಲಿ ಇಲ್ಲಣ ಕಟ್ಟುತ್ತದಲ್ಲ, ಹಾಗೆಯೇ. ಜರಡಿ ತುಂಬುತ್ತಾ ಬಂದಾಗ ಗಾಡಿಯ ಕಂಪ್ಯೂಟರ್ ಆ ಮಸಿಯನ್ನು ಸುಡಲು ಹೊರಡುತ್ತದೆ. ಮಸಿ ಸುಡಬೇಕಾದರೆ ಸುಮಾರು 600 ಡಿಗ್ರಿ ಬಿಸಿ ಬೇಕು. ಆ ಬಿಸಿ ತರಿಸಲು, ಪಿಸ್ಟನ್ ಕೆಲಸ ಮುಗಿಸಿ ಕೆಳಗಿಳಿಯುವ ಹೊತ್ತಿನಲ್ಲಿ ಇನ್ನೊಂದಿಷ್ಟು ಡೀಸೆಲ್ ಚಿಮ್ಮಿಸುತ್ತದೆ. ಅದು ಸೈಲೆನ್ಸರ್ ಕಡೆ ಹೋಗಿ ಉರಿಯಬೇಕು. ಆದರೆ ಸ್ವಲ್ಪ ಭಾಗ ಸಿಲಿಂಡರ್ ಗೋಡೆಗೆ ಬಡಿದು, ರಿಂಗುಗಳ ಸಂದಿಯಲ್ಲಿ ಇಳಿದು ಸಂಪ್, ಅಂದರೆ ಇಂಜಿನ್ ತಳದ ಆಯಿಲ್ ತೊಟ್ಟಿ ಸೇರುತ್ತದೆ. ಇದು ಎಲ್ಲ ಗಾಡಿಯಲ್ಲೂ ಒಂಚೂರು ಆಗುವುದೇ. ದೂರ ಓಡಿದರೆ ಆಯಿಲ್ ಬಿಸಿಗೆ ಅದರಲ್ಲಿ ಒಂದಷ್ಟು ಆವಿಯಾಗಿಯೂ ಹೋಗುತ್ತದೆ.

ನಿಮ್ಮ ಗಾಡಿಗೆ ಆ ಅವಕಾಶವೇ ಸಿಗುತ್ತಿಲ್ಲ. ಅದು ಮಸಿ ಸುಡಲು ಶುರು ಮಾಡುವಷ್ಟರಲ್ಲಿ ಡೇರಿ ಬಂತು, ಕೀ ತೆಗೆದಿರಿ. ಸಂಜೆ ಮತ್ತೆ ಶುರು, ಮತ್ತೆ ಅರ್ಧಕ್ಕೆ ನಿಂತಿತು. ಪ್ರತಿ ಸಲವೂ ಒಂದಷ್ಟು ಡೀಸೆಲ್ ಕೆಳಗಿಳಿಯಿತು, ಮಸಿ ಮಾತ್ರ ಅಲ್ಲೇ ಉಳಿಯಿತು.

ಇದರಿಂದ ಎರಡು ಅಪಾಯ. ಡೀಸೆಲ್ ಬೆರೆತ ಆಯಿಲ್ ನೀರಿನಂತೆ ತೆಳುವಾಗುತ್ತದೆ, ಬೇರಿಂಗು ಸವೆಯುತ್ತದೆ. ಇನ್ನೊಂದು ಅಪಾಯ ಅಪರೂಪ, ಆದರೆ ಭಯಂಕರ. ಮಟ್ಟ ತೀರಾ ಏರಿದರೆ ಆಯಿಲ್ ಉಸಿರುಕೊಳವೆಯ ಮೂಲಕ ಗಾಳಿ ದಾರಿಗೆ ಹೋಗಿ, ಇಂಜಿನ್ ಅದನ್ನೇ ಸುಟ್ಟುಕೊಂಡು ಓಡತೊಡಗುತ್ತದೆ. ಒಮ್ಮೆ ನಮ್ಮ ಶೆಡ್ಡಿನಲ್ಲೇ ಕಂಡಿದ್ದೇನೆ. ಕೀ ತೆಗೆದರೂ ನಿಲ್ಲಲಿಲ್ಲ, ಕೂಗು ಏರುತ್ತಲೇ ಹೋಯಿತು, ಶೆಡ್ ತುಂಬ ಬಿಳಿ ಹೊಗೆ. ಹುಡುಗರು ಹೊರಗೆ ಓಡಿದರು. ಕೊನೆಗೆ ಗಾಳಿ ಪೈಪಿನ ಬಾಯಿಗೆ ಮರದ ಹಲಗೆ ಒತ್ತಿ ಉಸಿರು ಕಟ್ಟಿಸಿ ನಿಲ್ಲಿಸಿದೆವು. ಆಮೇಲೆ ಅರ್ಧ ಗಂಟೆ ಯಾರೂ ಮಾತಾಡಲಿಲ್ಲ. ಅದಕ್ಕೇ ಹೇಳಿದ್ದು, ಮೇಲಿನ ಗುರುತು ದಾಟಿದ ಗಾಡಿ ಓಡಿಸಬೇಡಿ.

ನೀವೀಗ ಮಾಡಬೇಕಾದದ್ದು ಸರಳ. ಆಯಿಲ್, ಆಯಿಲ್ ಫಿಲ್ಟರ್ ಎರಡನ್ನೂ ಬದಲಾಯಿಸಿ. ನಾಲ್ಕು ಸಾವಿರ ಆಗಿಲ್ಲ ಅಂತ ಹೊಟ್ಟೆ ಉರಿಸಿಕೊಳ್ಳಬೇಡಿ. ಮೇಲಿಂದ ಒಂದು ಲೋಟ ತೆಗೆದು ಮಟ್ಟ ಸರಿ ಮಾಡಿದರೆ ಸಾಲದು, ಉಳಿದದ್ದೂ ಡೀಸೆಲ್ ಬೆರೆತದ್ದೇ. ಬದಲಾಯಿಸಿದ ಮೇಲೆ ವಾರಕ್ಕೊಮ್ಮೆ ಗಾಡಿಯನ್ನು ಒಳ್ಳೆಯ ರಸ್ತೆಯಲ್ಲಿ ಅರ್ಧ ಗಂಟೆ ಒಂದೇ ವೇಗದಲ್ಲಿ ಓಡಿಸಿ. ಪೇಟೆಯ ಕೆಲಸಗಳನ್ನೆಲ್ಲ ಆ ದಿನಕ್ಕೆ ಇಟ್ಟುಕೊಳ್ಳಿ. ನಿಂತಾಗ ಇಂಜಿನ್ ಎಂದಿಗಿಂತ ಜೋರಾಗಿ ತಿರುಗುತ್ತಿದೆ, ಫ್ಯಾನ್ ಬಿಡದೆ ಓಡುತ್ತಿದೆ, ಬಿಸಿ ಕಬ್ಬಿಣದ ವಾಸನೆ ಬರುತ್ತಿದೆ ಅಂದರೆ ಮಸಿ ಸುಡುತ್ತಿದೆ ಅಂತ ಲೆಕ್ಕ. ಆಗ ಕೀ ತೆಗೆಯಬೇಡಿ, ಇನ್ನೊಂದು ಹತ್ತು ಹದಿನೈದು ನಿಮಿಷ ಓಡಿಸಿ ಬನ್ನಿ. ಒಣ ಹುಲ್ಲು, ದರಗಿನ ರಾಶಿಯ ಮೇಲಂತೂ ಆಗ ನಿಲ್ಲಿಸಲೇಬೇಡಿ. ಅಡಿಯಲ್ಲಿ ಕೊಳವೆ ಕೆಂಡದಷ್ಟು ಬಿಸಿ ಇರುತ್ತದೆ.

ಡಿಪಿಎಫ್ ತೆಗೆಸಿ ಖಾಲಿ ಪೈಪ್ ಹಾಕಿಸಿ ಎಂದು ಯಾರಾದರೂ ಹೇಳಿಯೇ ಹೇಳುತ್ತಾರೆ. ಅದು ಕಾನೂನಿಗೆ ವಿರುದ್ಧ. ಬೇಡ.

ಈಗ ಮೆಕ್ಯಾನಿಕ್ ಹೇಳಿದ ದಪ್ಪ ಆಯಿಲ್ ಮಾತು. ಅವರನ್ನು ದೂರುವುದಿಲ್ಲ, ನಾನೂ ಇದನ್ನೇ ಹೇಳುತ್ತಿದ್ದ ಕಾಲವಿತ್ತು. ಹಳೇ ಲಾರಿಗಳಲ್ಲಿ ರಿಂಗು ಸವೆದು ಆಯಿಲ್ ಕುಡಿಯುತ್ತಿದ್ದಾಗ ದಪ್ಪ ಆಯಿಲ್ ಹಾಕಿದರೆ ಸ್ವಲ್ಪ ದಿನ ತಡೆಯುತ್ತಿತ್ತು. ಆ ರೂಢಿ ಹಾಗೇ ಉಳಿದಿದೆ.

ಡಬ್ಬಿ ಮೇಲಿನ ಅಂಕಿ ಏನು ಅಂತ ಒಮ್ಮೆ ನೋಡೋಣ. 15ಡಬ್ಲ್ಯೂ-40ರಲ್ಲಿ ಡಬ್ಲ್ಯೂ ಅಂದರೆ ಚಳಿಗಾಲ. ಮೊದಲ ಅಂಕಿ ತಣ್ಣಗಿದ್ದಾಗಿನ ಹರಿವಿಗೆ ಕೊಟ್ಟದ್ದು. ಅಂಕಿ ಸಣ್ಣದಾದಷ್ಟೂ ತಣ್ಣಗಿನ ಇಂಜಿನ್‌ನಲ್ಲಿ ಬೇಗ ಹರಿಯುತ್ತದೆ. ಎರಡನೆಯ ಅಂಕಿ 100 ಡಿಗ್ರಿ ಬಿಸಿಯಲ್ಲಿ ಎಷ್ಟು ದಪ್ಪ ಉಳಿಯುತ್ತದೆ ಅನ್ನುವುದಕ್ಕೆ. ಈ 15 ಆಗಲಿ 40 ಆಗಲಿ ಡಿಗ್ರಿ ಲೆಕ್ಕವಲ್ಲ, ಬರೀ ದರ್ಜೆಯ ಹೆಸರು. ಹೊರಗೆ ಆಗುಂಬೆಯ ಚಳಿ ಇರಲಿ, ಭದ್ರಾವತಿಯ ಏಪ್ರಿಲ್ ಬಿಸಿಲಿರಲಿ, ಬಿಸಿಯಾದ ಇಂಜಿನ್ ಒಳಗೆ ಆಯಿಲ್ ಹೆಚ್ಚುಕಮ್ಮಿ 100 ಡಿಗ್ರಿ ಆಸುಪಾಸಿನಲ್ಲೇ ಇರುತ್ತದೆ. ಘಾಟಿ ಹತ್ತುವಾಗ ಒಂದಿಷ್ಟು ಏರುತ್ತದೆ, ನಿಜ. ಆದರೆ ಇಂಜಿನ್ ಮಾಡಿದವರು ಅದನ್ನೂ ಲೆಕ್ಕ ಹಾಕಿಯೇ ಆಯಿಲ್ ಹೇಳಿರುತ್ತಾರೆ. ಘಟ್ಟ ಇರುವುದು ನಮ್ಮಲ್ಲಿ ಮಾತ್ರವಾ?

ಹೊಸ ಇಂಜಿನ್‌ನಲ್ಲಿ ಸಂದಿಗಳು ಸಣ್ಣವು, ಆಯಿಲ್ ಹೋಗುವ ತೂತುಗಳೂ ಸಣ್ಣವು. ಬೆಳಿಗ್ಗೆ ಸ್ಟಾರ್ಟ್ ಮಾಡಿದ ಮೊದಲ ಕ್ಷಣಗಳಲ್ಲಿ ದಪ್ಪ ಆಯಿಲ್ ಟರ್ಬೊ ತಲುಪುವುದು ತಡ. ಸವೆತ ಜಾಸ್ತಿ ಆಗುವುದೂ ಆ ಹೊತ್ತಿನಲ್ಲೇ. ದಿನಕ್ಕೆ ಎರಡು ಸಲ ತಣ್ಣಗಿನ ಇಂಜಿನ್ ಎಬ್ಬಿಸುವ ನಿಮಗೆ 20ಡಬ್ಲ್ಯೂ-50 ತೀರಾ ತಪ್ಪು ಆಯ್ಕೆ. ಅದರ ಮೇಲೆ, ಡೀಸೆಲ್ ಸೇರಿ ತೆಳುವಾಗುತ್ತಿರುವ ಆಯಿಲ್‌ಗೆ ದಪ್ಪ ಆಯಿಲ್ ಮದ್ದಲ್ಲ. ಕಾಯಿಲೆ ಮುಚ್ಚುತ್ತದೆ ಅಷ್ಟೇ.

ಅಂಕಿಗಿಂತ ದೊಡ್ಡ ತಪ್ಪು ನಿಮ್ಮ ಬಕೆಟ್ಟಿನ ಅಕ್ಷರದಲ್ಲಿದೆ. ಸಿಐ-4 ಅನ್ನುವ ದರ್ಜೆ ಬಂದದ್ದು 2002ರಲ್ಲಿ. ಆಗ ಲಾರಿಗಳಿಗೆ ಡಿಪಿಎಫ್ ಸಾಮಾನ್ಯವಾಗಿರಲಿಲ್ಲ. ಇಂಜಿನ್ ಆಯಿಲ್‌ನಲ್ಲಿ ಮಸಿ ತೊಳೆಯಲು, ಆಮ್ಲ ಕೊಲ್ಲಲು, ಸವೆತ ತಡೆಯಲು ಕ್ಯಾಲ್ಸಿಯಂ, ಮೆಗ್ನೀಸಿಯಂ, ಸತುವಿನ ಮಿಶ್ರಣಗಳನ್ನು ಸೇರಿಸಿರುತ್ತಾರೆ. ಆಯಿಲ್ ಒಂಚೂರು ಸುಟ್ಟರೂ ಈ ಲೋಹಗಳು ಬೂದಿಯಾಗಿ ಹೊಗೆಯ ಜೊತೆ ಹೊರಡುತ್ತವೆ. ಹಳೇ ಗಾಡಿಯಲ್ಲಿ ಅದು ಆಕಾಶಕ್ಕೆ ಹೋಗುತ್ತಿತ್ತು. ನಿಮ್ಮ ಪಿಕಪ್‌ನಲ್ಲಿ ಜರಡಿಗೆ ಹೋಗಿ ಕೂರುತ್ತದೆ. ಮಸಿಯನ್ನು ಸುಡಬಹುದು, ಬೂದಿಯನ್ನು ಸುಡಲಾಗುತ್ತದೆಯೇ? ಒಲೆ ಬೂದಿಗೆ ಎಷ್ಟು ಬೆಂಕಿ ಹಾಕಿದರೂ ಅದು ಬೂದಿಯೇ. ಜರಡಿಯ ಜಾಗ ಕಮ್ಮಿಯಾಗುತ್ತಾ ಹೋಗುತ್ತದೆ, ಮಸಿ ಬೇಗ ತುಂಬುತ್ತದೆ, ಸುಡುವ ಸರದಿ ಮತ್ತೆ ಮತ್ತೆ ಬರುತ್ತದೆ, ಮತ್ತಷ್ಟು ಡೀಸೆಲ್ ಸಂಪಿಗೆ ಇಳಿಯುತ್ತದೆ.

ಹಾಗಾಗಿ ಡಿಪಿಎಫ್ ಇರುವ ಗಾಡಿಗೆ ಬೂದಿ ಕಮ್ಮಿ ಇರುವ ಆಯಿಲ್ ಬೇಕು. ಅಮೆರಿಕದ ಎಪಿಐ ದರ್ಜೆಯಲ್ಲಿ ಸಿಜೆ-4, ಅದರ ನಂತರ 2016ರಲ್ಲಿ ಬಂದ ಸಿಕೆ-4. ಇವುಗಳಲ್ಲಿ ಬೂದಿಯ ಅಂಶ ಶೇ 1 ದಾಟುವಂತಿಲ್ಲ. ಯುರೋಪಿನ ಎಸಿಇಎ ದರ್ಜೆಯಲ್ಲಿ ಸಿ3 ಅನ್ನುವುದರಲ್ಲಿ ಶೇ 0.8ರ ಒಳಗೆ. ಸಿಐ-4ಕ್ಕೆ ಇಂಥ ಮಿತಿಯೇ ಇಲ್ಲ. ನಿಮ್ಮ ಪಿಕಪ್ ಯಾವುದನ್ನು ಕೇಳುತ್ತದೆ ಅಂತ ಗಾಡಿ ಜೊತೆ ಕೊಟ್ಟ ಪುಸ್ತಕದಲ್ಲಿ ಇರುತ್ತದೆ. ಡ್ಯಾಶ್‌ಬೋರ್ಡಿನ ಖಾನೆಯಲ್ಲಿ, ಇನ್ಶೂರೆನ್ಸ್ ಕಾಗದದ ಅಡಿಯಲ್ಲಿ ಹುಡುಕಿ. ಕೆಲವು ಗಾಡಿ 5ಡಬ್ಲ್ಯೂ-30 ಕೇಳುತ್ತವೆ, ಕೆಲವು 15ಡಬ್ಲ್ಯೂ-40 ಒಪ್ಪುತ್ತವೆ. ದಪ್ಪವೂ ದರ್ಜೆಯೂ ಎರಡೂ ಹೊಂದಬೇಕು. ಅಂಗಡಿಯಲ್ಲಿ "ಬಿಎಸ್ 6 ಆಯಿಲ್ ಕೊಡಿ" ಅಂದರೆ ಸಾಲದು, ಡಬ್ಬಿಯ ಹಿಂದಿನ ಸಣ್ಣ ಅಕ್ಷರ ಓದಿ. ಯಾವ ಕಂಪನಿ ಅಂತ ನನ್ನನ್ನು ದಿನಕ್ಕೆ ಹತ್ತು ಜನ ಕೇಳುತ್ತಾರೆ. ದರ್ಜೆ ಸರಿ ಇದ್ದು, ಸೀಲ್ ಗಟ್ಟಿಯಿದ್ದು, ಬಿಲ್ ಕೊಡುವ ಅಂಗಡಿಯಾದರೆ ಕಂಪನಿ ಯಾವುದಾದರೂ ನನಗೆ ತಕರಾರಿಲ್ಲ.

ಇಷ್ಟು ದಿನ ಸಿಐ-4 ಹಾಕಿ ಓಡಿಸಿದ್ದಕ್ಕೆ ಜರಡಿ ಹಾಳಾಯಿತಾ ಅಂತ ಗಾಬರಿ ಬೇಡ. ಒಂದು ಸಲದ ತಪ್ಪಿಗೆ ಅಷ್ಟು ಬೂದಿ ಕೂರುವುದಿಲ್ಲ. ಮುಂದುವರಿಸಬೇಡಿ, ಅಷ್ಟೇ.

ಬಕೆಟ್ಟಿನಲ್ಲಿ ಉಳಿದದ್ದನ್ನು ಟ್ರ್ಯಾಕ್ಟರ್‌ಗೆ ಧಾರಾಳವಾಗಿ ಹಾಕಿ. 2004ರ ಇಂಜಿನ್‌ಗೆ 15ಡಬ್ಲ್ಯೂ-40 ಸಿಐ-4 ಒಳ್ಳೆಯ ಊಟ. ಟಿಲ್ಲರ್‌ಗೂ ಅದರ ಪುಸ್ತಕ ಒಪ್ಪಿದರೆ ಅದೇ ಸಾಕು. ನಿಮ್ಮ "ಒಂದೇ ಬಕೆಟ್" ಆಸೆ ಪೂರ್ತಿ ಹುಚ್ಚೇನಲ್ಲ. ಪಿಕಪ್ ಪುಸ್ತಕ 15ಡಬ್ಲ್ಯೂ-40 ಸಿಕೆ-4 ಒಪ್ಪಿದರೆ ಅದೊಂದನ್ನೇ ತಂದು ಮೂರಕ್ಕೂ ಹಾಕಬಹುದು. ಹೊಸ ದರ್ಜೆ ಹಳೇ ಇಂಜಿನ್‌ಗೆ ನಡೆಯುತ್ತದೆ, ಹಳೇ ದರ್ಜೆ ಹೊಸ ಇಂಜಿನ್‌ಗೆ ನಡೆಯುವುದಿಲ್ಲ. ಆದರೆ ದುಬಾರಿ ಆಯಿಲ್ ಟಿಲ್ಲರ್‌ಗೆ ಸುರಿಯುವುದು ಯಾಕೆ? ನಾನಾದರೆ ಪಿಕಪ್‌ಗೆ ಬೇರೆ ಡಬ್ಬಿ ಇಟ್ಟು, ಮುಚ್ಚಳಕ್ಕೆ ಕೆಂಪು ಬಣ್ಣ ಬಳಿಯುತ್ತೇನೆ.

ಹಾಂ, ಟ್ರ್ಯಾಕ್ಟರಿನ ಹಿಂಭಾಗದ ಗೇರು, ಹೈಡ್ರಾಲಿಕ್‌ಗೆ ಮಾತ್ರ ಈ ಬಕೆಟ್ ಮುಟ್ಟಿಸಬೇಡಿ. ಆಯಿಲ್ ಒಳಗೇ ಮುಳುಗಿರುವ ಬ್ರೇಕ್ ಇದ್ದರಂತೂ ಅದಕ್ಕೆಂದೇ ಮಾಡಿದ ಬೇರೆ ಆಯಿಲ್ ಬೇಕು, ಇಲ್ಲದಿದ್ದರೆ ಬ್ರೇಕ್ ಕಿರುಗುಟ್ಟುತ್ತದೆ, ಹಿಡಿಯುವುದೂ ಇಲ್ಲ.

ಕಪ್ಪಗಾಯಿತು ಅನ್ನುವ ಚಿಂತೆ ಬಿಡಿ. ಡೀಸೆಲ್ ಇಂಜಿನ್‌ನಲ್ಲಿ ಹೊಸ ಆಯಿಲ್ ಒಂದೆರಡು ದಿನಕ್ಕೇ ಕಪ್ಪಾಗುತ್ತದೆ. ಮಸಿಯನ್ನು ಗೋಡೆಗೆ ಅಂಟಲು ಬಿಡದೆ ತನ್ನೊಳಗೆ ತೇಲಿಸಿಕೊಂಡಿದೆ ಅಂತ ಅದರ ಅರ್ಥ. ಬಟ್ಟೆ ಒಗೆದ ನೀರು ಕೊಳೆಯಾಗದಿದ್ದರೆ ಸೋಪಿನ ಮೇಲೆ ಅನುಮಾನ ಬರಬೇಕು, ಅಲ್ವಾ? ಎರಡು ಬೆರಳ ನಡುವೆ ತಿಕ್ಕಿ "ಜಿಗುಟು ಹೋಗಿದೆ" ಅನ್ನುವ ಪರೀಕ್ಷೆಯೂ ಅಷ್ಟೇ. ಮೂವತ್ತು ವರ್ಷ ತಿಕ್ಕಿದ ನನ್ನ ಬೆರಳಿಗೇ ಗೊತ್ತಾಗುವುದಿಲ್ಲ.

ಇನ್ನು ಡೀಸೆಲ್ ವಿಷಯ. ಪಕ್ಕದ ಮನೆಯವರ ಸೀಮೆಎಣ್ಣೆ ಮೊದಲು. ತೀರಾ ಚಳಿಯಲ್ಲಿ ಡೀಸೆಲ್ ಒಳಗಿನ ಮೇಣ ಗಟ್ಟಿಯಾಗಿ ಫಿಲ್ಟರ್ ಕಟ್ಟಿಕೊಳ್ಳುತ್ತದೆ, ಅದನ್ನು ತೆಳು ಮಾಡಲು ಸೀಮೆಎಣ್ಣೆ ಬೆರೆಸುವ ರೂಢಿ ಹಿಮ ಬೀಳುವ ಕಡೆ ಇತ್ತು. ಲಡಾಖಿಗೆಂದೇ ಇಂಡಿಯನ್ ಆಯಿಲ್ 2019ರಲ್ಲಿ ಮೈನಸ್ 33 ಡಿಗ್ರಿಯಲ್ಲೂ ಹರಿಯುವ ಡೀಸೆಲ್ ತಂದಿತು. ಹೊಸನಗರದ ಜನವರಿ ಚಳಿಗೆ ಬೆಳಗಿನ ಕಂಬಳಿ ಸಾಕು, ಡೀಸೆಲ್‌ಗೆ ಏನೂ ಬೇಡ. ಬೆಳಿಗ್ಗೆ ಸ್ಟಾರ್ಟ್ ಆಗಲು ಸತಾಯಿಸಿದರೆ ಬ್ಯಾಟರಿ ನೋಡಿ, ಗ್ಲೋ ಪ್ಲಗ್ ಇದ್ದರೆ ಅದನ್ನು ನೋಡಿ, ಡೀಸೆಲ್ ಪೈಪ್ ಎಲ್ಲಾದರೂ ಗಾಳಿ ಎಳೆಯುತ್ತಿದೆಯಾ ನೋಡಿ. ಹಳೇ ಇಂಜಿನ್ ಆದರೆ ಕಂಪ್ರೆಶನ್ ಇಳಿದಿರಬಹುದು.

ಸೀಮೆಎಣ್ಣೆಯ ತೊಂದರೆ ಏನೆಂದರೆ ಅದಕ್ಕೆ ಜಿಡ್ಡು ಕಮ್ಮಿ. ಡೀಸೆಲ್ ಪಂಪು, ನಾಜಲ್ ಒಳಗಿನ ಭಾಗಗಳಿಗೆ ಬೇರೆ ಯಾವ ಆಯಿಲ್ಲೂ ಹೋಗುವುದಿಲ್ಲ, ಡೀಸೆಲ್ಲೇ ಅವುಗಳ ಎಣ್ಣೆ. ನಾನು ಪಂಪ್ ಕೆಲಸ ಕಲಿಯುವಾಗ, ತೊಂಬತ್ತರ ದಶಕದಲ್ಲಿ, ರೇಷನ್ನಿನ ನೀಲಿ ಸೀಮೆಎಣ್ಣೆ ಬೆರೆತ ಡೀಸೆಲ್ ಕುಡಿದ ಪಂಪುಗಳು ವಾರಕ್ಕೆರಡು ಬರುತ್ತಿದ್ದವು. ಪಂಪಿನೊಳಗೆ ಡೀಸೆಲ್ ತಳ್ಳುವ ಎಲಿಮೆಂಟ್ ತೆಗೆದು ಬೆಳಕಿಗೆ ಹಿಡಿದರೆ ಕನ್ನಡಿಯಂತೆ ಇರಬೇಕಾದ ಮೈಮೇಲೆ ಬೆಕ್ಕು ಪರಚಿದಂಥ ಗೀರು. ಹಳೇ ಟ್ರ್ಯಾಕ್ಟರ್‌ನ ನಾಜಲ್ ಸುಮಾರು 200 ಬಾರ್ ಒತ್ತಡಕ್ಕೆ ತೆರೆಯುತ್ತದೆ, ಅದು ಒಂದಷ್ಟು ತಡೆದುಕೊಂಡೀತು. ನಿಮ್ಮ ಪಿಕಪ್ಪಿನ ಕಾಮನ್ ರೈಲ್ (ಎಲ್ಲ ಇಂಜೆಕ್ಟರ್‌ಗೂ ಡೀಸೆಲ್ ಕೊಡುವ ಒಂದೇ ಕೊಳವೆ) ಸಾವಿರದೈನೂರು ಬಾರ್ ದಾಟಿ ಕೆಲಸ ಮಾಡುತ್ತದೆ, ಅದರ ಇಂಜೆಕ್ಟರ್ ಒಳಗಿನ ಸಂದಿ ಕೂದಲೆಳೆಯ ಹತ್ತನೇ ಒಂದು ಪಾಲೂ ಇಲ್ಲ. ಅಲ್ಲಿ ಸೀಮೆಎಣ್ಣೆ ಆಟ ನಡೆಯುವುದಿಲ್ಲ.

"ಈಗಿನ ಡೀಸೆಲ್ ಒಣ" ಅನ್ನುವ ಮಾತಿನಲ್ಲಿ ಅರ್ಧ ಸತ್ಯ ಇದೆ. 2020ರ ಏಪ್ರಿಲ್ 1ರಿಂದ ದೇಶದಲ್ಲೆಲ್ಲ ಬಿಎಸ್ 6 ಡೀಸೆಲ್. ಗಂಧಕ ಹತ್ತು ಲಕ್ಷಕ್ಕೆ 10 ಭಾಗ ಮಾತ್ರ. ಬಿಎಸ್ 4ರಲ್ಲಿ 50 ಇತ್ತು, ಬಿಎಸ್ 3ರಲ್ಲಿ 350. ಗಂಧಕ ತೆಗೆಯುವಾಗ ಡೀಸೆಲ್‌ನ ಸಹಜ ಜಿಡ್ಡಿನ ಅಂಶವೂ ಹೋಗುತ್ತದೆ, ಇದು ನಿಜ. ಆದರೆ ಅದನ್ನು ಸರಿದೂಗಿಸುವ ವಸ್ತು ಸೇರಿಸಿಯೇ ಹೊರಗೆ ಕಳಿಸುತ್ತಾರೆ. ಜಿಡ್ಡಿಗೆ ಬೇರೆಯೇ ಒಂದು ಪರೀಕ್ಷೆ ಇದೆ. ಉಕ್ಕಿನ ಗುಂಡನ್ನು ಡೀಸೆಲ್‌ನಲ್ಲಿ ಮುಳುಗಿಸಿ ಉಕ್ಕಿನ ಮೇಲೆ ತಿಕ್ಕುತ್ತಾರೆ, ಸವೆದ ಕಲೆ 460 ಮೈಕ್ರಾನ್ ಮೀರಬಾರದು. ಹಾಗಾಗಿ 2ಟಿ ಆಯಿಲ್ ಬೇಕಿಲ್ಲ. ಟ್ರ್ಯಾಕ್ಟರ್‌ಗೆ ಹಾಕಿದರೆ ಇಂಜಿನ್ ಸಾಯುವುದಿಲ್ಲ, ಸುಮ್ನೆ ದುಡ್ಡು ದಂಡ. ಪಿಕಪ್‌ಗೆ ಹಾಕಿದರೆ ಅದು ಉರಿದು ಬಿಡುವ ಬೂದಿ ಮತ್ತೆ ಆ ಜರಡಿಗೇ ಹೋಗುತ್ತದೆ. ಇನ್ನು ಬಂಕಿನಲ್ಲಿ ಸಿಗುವ ಹೆಚ್ಚು ದುಡ್ಡಿನ ಪ್ರೀಮಿಯಂ ಡೀಸೆಲ್. ಅದರಲ್ಲಿ ನಾಜಲ್ ತೊಳೆಯುವ ವಸ್ತು ಇರುತ್ತದೆ. ಆಗೊಮ್ಮೆ ಈಗೊಮ್ಮೆ ಹಾಕಿಸಿದರೆ ತಪ್ಪಿಲ್ಲ, ಹಾಕಿಸದಿದ್ದರೂ ನಷ್ಟವಿಲ್ಲ.

ನಿಮ್ಮ ಪತ್ರದಲ್ಲಿ ನನಗೆ ಎಲ್ಲಕ್ಕಿಂತ ದಿಗಿಲು ಹುಟ್ಟಿಸಿದ್ದು ಆ ಡ್ರಮ್ಮು. ಅಯ್ಯೋ ಮಾರಾಯ್ರೆ, ಅದರಿಂದ ಪಿಕಪ್‌ಗೂ ಹಾಕುತ್ತೀರಾ?

ಆ ಕಪ್ಪು ಲೋಳೆ ಡೀಸೆಲ್‌ನ ಗಸಿಯಲ್ಲ. ಜೀವ ಇರುವ ವಸ್ತು. ನೀರು ಡೀಸೆಲ್‌ಗಿಂತ ಭಾರ, ತಳಕ್ಕೆ ಇಳಿಯುತ್ತದೆ. ನೀರೂ ಡೀಸೆಲ್ಲೂ ಸೇರುವ ಗೆರೆಯಲ್ಲಿ ಸೂಕ್ಷ್ಮಜೀವಿಗಳು ಮನೆ ಮಾಡುತ್ತವೆ. ನೀರಿನಲ್ಲಿ ಬದುಕಿ, ಡೀಸೆಲ್ ತಿಂದು, ಲೋಳೆ ಮತ್ತು ಆಮ್ಲ ಬಿಡುತ್ತವೆ. ಆ ಲೋಳೆ ಫಿಲ್ಟರ್ ಮುಚ್ಚುತ್ತದೆ, ಆಮ್ಲ ಕಬ್ಬಿಣ ತಿನ್ನುತ್ತದೆ. ಬೆಚ್ಚಗಿನ ಹವೆ, ತೇವ, ಅಲುಗಾಡದ ಡ್ರಮ್ಮು, ಇವಿಷ್ಟೇ ಅವಕ್ಕೆ ಬೇಕಾದದ್ದು. ಮಾಸ್ತಿಕಟ್ಟೆ, ಹುಲಿಕಲ್ ಕಡೆಯ ಮಳೆಗಾಲದಲ್ಲಿ ಚಪ್ಪಲಿಗೆ ಬೂಸ್ಟು ಬರುತ್ತದೆ, ಡೀಸೆಲ್ ಬಿಟ್ಟೀತೇ.

ನೀರು ಎಲ್ಲಿಂದ ಬಂತು? ರಾತ್ರಿಯ ತಂಪಿಗೆ ಖಾಲಿ ಜಾಗದ ಗಾಳಿ ಬೆವರುತ್ತದೆ ಅನ್ನುತ್ತಾರೆ. ಅದೂ ಹೌದು, ಆದರೆ ನಾನು ಕಂಡಂತೆ ಜಾಸ್ತಿ ನೀರು ಬರುವುದು ಮುಚ್ಚಳದಿಂದ. ನೆಟ್ಟಗೆ ನಿಲ್ಲಿಸಿದ ಡ್ರಮ್ಮಿನ ತಲೆಯ ಮೇಲೆ ಮಳೆನೀರು ನಿಲ್ಲುತ್ತದೆ. ಹಗಲು ಬಿಸಿಲಿಗೆ ಒಳಗಿನ ಗಾಳಿ ಹಿಗ್ಗಿ ಹೊರಹೋಗುತ್ತದೆ. ಸಂಜೆ ಮಳೆ ಬಂದು ತಣ್ಣಗಾದಾಗ ಒಳಕ್ಕೆ ಎಳೆದುಕೊಳ್ಳುತ್ತದೆ. ಗಟ್ಟಿ ಅಂತ ಕಾಣುವ ಬಿರಡೆಯ ಸಂದಿಯಲ್ಲೂ ನೀರು ಒಳಗೆ ಹೋಗುತ್ತದೆ. ಡ್ರಮ್ಮು ಉಸಿರಾಡುತ್ತದೆ ಅಂತ ನಾವು ಹೇಳುವುದು ಇದನ್ನೇ. ಅದಕ್ಕೇ ಡ್ರಮ್ಮನ್ನು ಸೂರಿನ ಅಡಿ ಇಡಿ. ಅಡ್ಡ ಮಲಗಿಸಿ, ಎರಡೂ ಬಿರಡೆ ಗಡಿಯಾರದ ಮೂರು ಮತ್ತು ಒಂಬತ್ತರ ಜಾಗಕ್ಕೆ ಬರುವಂತೆ ಇಟ್ಟರೆ ಇನ್ನೂ ಒಳ್ಳೆಯದು. ಆಗ ಬಿರಡೆಯ ಒಳಗಡೆ ಡೀಸೆಲ್ ಇರುತ್ತದೆ, ನೀರು ನುಗ್ಗುವುದಿಲ್ಲ. ಮನೆ, ಒಲೆ, ಅಡಿಕೆ ಬೇಯಿಸುವ ಜಾಗದಿಂದ ದೂರ ಇರಲಿ.

ಇನ್ನೊಂದು ನಮ್ಮೂರಿನದೇ ತಪ್ಪು. ಔಷಧಿ ಹೊಡೆಯುವಾಗ ಮೈಲುತುತ್ತ ಕದಡಿದ ಡ್ರಮ್ಮನ್ನೇ ತೊಳೆದು ಡೀಸೆಲ್‌ಗೆ ಇಡುವುದು. ತಾಮ್ರದ ಅಂಶ ಸೋಕಿದರೆ ಡೀಸೆಲ್ ಬೇಗ ಕೆಡುತ್ತದೆ, ಅಂಟು ಕಟ್ಟುತ್ತದೆ. ಸತುವಿನ ಲೇಪ ಇರುವ ಡ್ರಮ್ಮೂ ಬೇಡ. ಡೀಸೆಲ್‌ಗೆ ಅಂತಲೇ ಒಂದು ಇರಲಿ.

ಈಗಿರುವ ಡೀಸೆಲ್ ಏನು ಮಾಡುವುದು? ಒಂದು ಗಾಜಿನ ಬಾಟಲಿಯಲ್ಲಿ ತುಂಬಿ ರಾತ್ರಿ ಇಟ್ಟು ನೋಡಿ. ಬೆಳಿಗ್ಗೆ ತಿಳಿಯಾಗಿ, ತಳದಲ್ಲಿ ನೀರಿನ ಗೆರೆ ಇಲ್ಲದಿದ್ದರೆ ಆ ಮೇಲ್ಭಾಗದ ಡೀಸೆಲ್ಲನ್ನು ನಿಧಾನ ತೆಗೆದು, ಒಳ್ಳೆಯ ಫಿಲ್ಟರ್ ದಾಟಿಸಿ, ಟ್ರ್ಯಾಕ್ಟರ್‌ಗೆ ಹೊಸ ಡೀಸೆಲ್ ಜೊತೆ ಬೆರೆಸಿ ಬಳಸಬಹುದು. ಮಂಜು ಮಂಜಾಗಿಯೇ ಇದ್ದರೆ ನೀರು ಸಣ್ಣ ಹನಿಗಳಾಗಿ ಬೆರೆತು ಕೂತಿದೆ, ಇಂಜಿನ್‌ಗೆ ಬೇಡ. ತಳದ ಕಾಲುಭಾಗವನ್ನಂತೂ ಮುಟ್ಟಬೇಡಿ. ಪಂಚೆ ಬಟ್ಟೆಯಲ್ಲಿ ಸೋಸಿದರೆ ಕಸ ನಿಲ್ಲುತ್ತದೆ, ನೀರು ನಿಲ್ಲುವುದಿಲ್ಲ. ಪಿಕಪ್‌ಗೆ ಡ್ರಮ್ಮಿನ ಡೀಸೆಲ್ ಬೇಡವೇ ಬೇಡ, ನೇರ ಬಂಕಿನಿಂದ ಹಾಕಿಸಿ. ಮಳೆಗಾಲದಲ್ಲಿ ಟ್ಯಾಂಕ್ ಅರ್ಧಕ್ಕಿಂತ ಇಳಿಯದಂತೆ ನೋಡಿಕೊಳ್ಳಿ. ರಸ್ತೆ ಬಂದ್ ಆಗುವ ಭಯಕ್ಕೂ ಅದೇ ಉತ್ತರ. ಡೀಸೆಲ್ ಫಿಲ್ಟರಿನ ಅಡಿಯಲ್ಲಿ ನೀರು ಬಿಡುವ ತಿರುಪು ಇರುತ್ತದೆ, ಮೂರೂ ಇಂಜಿನ್‌ಗಳಲ್ಲಿ ಎಲ್ಲಿದೆ ಅಂತ ಒಮ್ಮೆ ತೋರಿಸಿಕೊಳ್ಳಿ. ಮಳೆ ಮುಗಿಯುವ ತನಕ ಹದಿನೈದು ದಿನಕ್ಕೊಮ್ಮೆ ತೆಗೆದು ನೋಡಿ. ಪಿಕಪ್‌ನಲ್ಲಿ ಡೀಸೆಲ್ಲಿನಲ್ಲಿ ನೀರಿದೆ ಅನ್ನುವ ಲೈಟ್ ಬಂದರೆ ಮನೆಗೆ ಹೋಗಿ ನೋಡೋಣ ಅನ್ನಬೇಡಿ, ಅಲ್ಲೇ ನಿಲ್ಲಿಸಿ. ನಾಲ್ಕು ಇಂಜೆಕ್ಟರ್ ಬದಲಾಯಿಸಿದ ಬಿಲ್ ಕೈಗೆ ಕೊಡುವಾಗ ನನಗೇ ಬೇಜಾರಾಗುತ್ತದೆ.

ಡ್ರಮ್ಮು ಬೇಕೇಬೇಕು ಅನ್ನುವುದಾದರೆ ಟ್ರ್ಯಾಕ್ಟರ್, ಟಿಲ್ಲರ್‌ಗೆ ಒಂದು ಮಳೆಗಾಲದಲ್ಲಿ ಮುಗಿಯುವಷ್ಟು ಮಾತ್ರ ಇಡಿ. ಮುಂದಿನ ವರ್ಷಕ್ಕೆ ಉಳಿಸಬೇಡಿ.

ಟಿಲ್ಲರ್ ಬಗ್ಗೆ ನೀವು ಏನೂ ಕೇಳಿಲ್ಲ. ಪಾಪ, ಅದನ್ನು ಯಾರೂ ಕೇಳುವುದಿಲ್ಲ. ನಾಟಿ ಮುಗಿದ ಮೇಲೆ ಮುಂದಿನ ಉಳುಮೆಯ ತನಕ ಕೊಟ್ಟಿಗೆಯ ಮೂಲೆಯಲ್ಲಿ ನಿಲ್ಲುತ್ತದೆ. ಎಲ್ಲರೂ ಉಳುಮೆಗೆ ಮುಂಚೆ ಆಯಿಲ್ ಬದಲಾಯಿಸುತ್ತಾರೆ. ಬದಲಾಯಿಸಬೇಕಾದದ್ದು ನಿಲ್ಲಿಸುವ ಮುಂಚೆ. ಬಳಸಿದ ಆಯಿಲ್‌ನಲ್ಲಿ ಆಮ್ಲ, ತೇವ ಸೇರಿರುತ್ತದೆ, ಅದು ತಿಂಗಳುಗಟ್ಟಲೆ ಬೇರಿಂಗಿನ ಮೇಲೆ ಕೂರುವುದು ಒಳ್ಳೆಯದಲ್ಲ. ವಾರಕ್ಕೊಮ್ಮೆ ಎರಡು ನಿಮಿಷ ಸ್ಟಾರ್ಟ್ ಮಾಡಿ ನಿಲ್ಲಿಸುವ ಅಭ್ಯಾಸವಿದ್ದರೆ ಬಿಡಿ. ಬಿಸಿಯಾಗದ ಇಂಜಿನ್‌ನಲ್ಲಿ ಹೊಗೆಯ ತೇವ ಒಳಗೇ ಇಂಗುತ್ತದೆ. ಓಡಿಸಿದರೆ ಅರ್ಧ ಗಂಟೆ ಓಡಿಸಿ, ಇಲ್ಲವಾದರೆ ಮಲಗಲು ಬಿಡಿ. ಹಾಗೆಯೇ ಅದರ ಏರ್ ಕ್ಲೀನರ್ ಬಟ್ಟಲು ಬಿಚ್ಚಿ ನೋಡಿ. ತಳದಲ್ಲಿ ಆಯಿಲ್ ಇರುವ ಜಾತಿಯದಾದರೆ, ಹತ್ತರಲ್ಲಿ ಎಂಟರಲ್ಲಿ ನಾನು ಕಂಡದ್ದು ಬರೀ ಕೆಸರು. ಗುರುತಿನವರೆಗೆ ಹೊಸ ಆಯಿಲ್ ಹಾಕಿ, ಜಾಸ್ತಿ ಬೇಡ. ಅದಕ್ಕೆ ನಿಮ್ಮ ಬಕೆಟ್ಟಿನದೇ ಆಗುತ್ತದೆ.

ತೆಗೆದ ಹಳೇ ಆಯಿಲ್ಲನ್ನು ಗೆದ್ದಲು ಬರಬಾರದೆಂದು ಬೇಲಿ ಕಂಬಕ್ಕೆ ಬಳಿಯುವುದು, ಕೊಟ್ಟಿಗೆ ಹಿಂದೆ ಸುರಿಯುವುದು ಬೇಡ. ಮಳೆಗೆ ಕೊಚ್ಚಿ ಹಳ್ಳಕ್ಕೆ, ಹಳ್ಳದಿಂದ ತೋಟದ ಕಾಲುವೆಗೇ ಬರುತ್ತದೆ. ಕ್ಯಾನಿನಲ್ಲಿ ತುಂಬಿಟ್ಟು, ಹಳೇ ಆಯಿಲ್ ಕೊಳ್ಳುವವರಿಗೆ ಕೊಡುವ ವರ್ಕ್‌ಶಾಪಿಗೆ ತಲುಪಿಸಿ.

ಪಿಕಪ್‌ಗೆ ಹೊಸ ಆಯಿಲ್ ಹಾಕಿದ ದಿನ, ಸಮತಟ್ಟಾದ ಅಂಗಳದಲ್ಲಿ ನಿಲ್ಲಿಸಿ, ಇಂಜಿನ್ ತಣ್ಣಗಾದ ಮೇಲೆ ಗೇಜ್ ಕಡ್ಡಿಯ ಫೋಟೋ ತೆಗೆದಿಟ್ಟುಕೊಳ್ಳಿ. ಕಿಲೋಮೀಟರ್ ಬರೆದಿಡಿ. ವಾರಕ್ಕೊಮ್ಮೆ ದೂರ ಓಡಿಸುತ್ತಾ ಸಾವಿರ ಕಿಲೋಮೀಟರ್ ಆದ ಮೇಲೆ ಅದೇ ಜಾಗದಲ್ಲಿ ನಿಲ್ಲಿಸಿ ಇನ್ನೊಂದು ಫೋಟೋ ತೆಗೆಯಿರಿ. ಮಟ್ಟ ಅಲ್ಲೇ ಇದ್ದರೆ ಕಾರಣ ಆ ಡೇರಿ ಓಡಾಟವೇ. ಮತ್ತೆ ಏರಿದ್ದರೆ ಇಂಜೆಕ್ಟರ್ ಸೋರುತ್ತಿರಬಹುದು, ಡಿಪಿಎಫ್‌ನ ಒತ್ತಡ ಅಳೆಯುವ ಸೆನ್ಸರ್ ಸುಳ್ಳು ಹೇಳುತ್ತಿರಬಹುದು. ಆಗ ಆಯಿಲ್ ಅಂಗಡಿಗೆ ಹೋಗಬೇಡಿ. ಕಂಪ್ಯೂಟರ್ ಹಚ್ಚಿ ನೋಡುವ, ಇಂಜೆಕ್ಟರ್ ಬಿಚ್ಚಿ ಪರೀಕ್ಷೆ ಮಾಡುವ ಕಡೆಗೆ ಹೋಗಿ, ಎರಡೂ ಫೋಟೋ ತೋರಿಸಿ.